ಅರಿಷ್ಟದ ಸೀಸೆ

ಪರರ ಮನೆಯ ಕಟ್ಟಳೆಯನ್ನು ಕದ್ದು ಮೀರುವುದು ಎಷ್ಟರ ಮಟ್ಟಿನ ತಪ್ಪು? ಕೊಲೆಯಲ್ಲ, ಸುಲಿಗೆಯಲ್ಲ, ಯಾರ ಹೊಟ್ಟೆಯ ಮೇಲೂ ಹೊಡೆದದ್ದಲ್ಲ. ಇಂಥ ಚಿಲ್ಲರೆ ವಿಷಯಕ್ಕೂ ನೀತಿವಿಚಾರಕ್ಕೂ ಏನು ಸಂಬಂಧವೆಂದು ನಾನೂ ಬಹುಕಾಲ ತಿಳಿದಿದ್ದೆ. ಎಪ್ಪತ್ತು ದಾಟಿದ ಮೇಲೆ ಒಂದು ಸೀಸೆ ನನಗೆ ಬೇರೆ ಪಾಠ ಕಲಿಸಿತು.

ಮುಂಬಯಿಯಲ್ಲಿರುವ ನನ್ನ ಸೋದರಳಿಯ ಕುಟುಂಬ ಸಮೇತ ವಿಹಾರದ ಹಡಗಿನಲ್ಲಿ ಗೋವಾಕ್ಕೆ ಹೊರಟಿದ್ದ. ನನಗೂ ಒಂದು ಟಿಕೆಟ್ಟು ತೆಗೆದಿದ್ದ. ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಹೋದೆ. ಹಿಂದೆ ಮುಂಬಯಿಗೂ ಮಂಗಳೂರಿಗೂ ಹಡಗಿನಲ್ಲಿ ಓಡಾಡಿದ ಹಿರಿಯರ ಕಥೆ ಕೇಳಿ ಬೆಳೆದವನು ನಾನು. ಅವರು ಚಾಪೆ ಹಾಸಿ ಮಲಗಿ, ಮನೆಯಿಂದ ಕಟ್ಟಿ ತಂದ ಅವಲಕ್ಕಿಯ ಗಂಟು ಬಿಚ್ಚಿದವರು. ಆ ಹಡಗು ಮಾರುತ್ತಿದ್ದದ್ದು ದಾರಿಯನ್ನು ಮಾತ್ರ. ಈಗಿನ ಹಡಗು ತೇಲುವ ಹೋಟೆಲು. ದಾರಿ ಅದಕ್ಕೊಂದು ನೆಪ.

ಹೊರಡುವ ದಿನ ಬೆಳಿಗ್ಗೆ ಅಳಿಯ ದಶಮೂಲಾರಿಷ್ಟದ ಸೀಸೆಯೊಂದನ್ನು ತಂದು ನನ್ನ ಕೈಗಿತ್ತ. ಒಳಗಿದ್ದದ್ದು ರಮ್ಮು. ಹೊರಗಿನ ಮದ್ಯವನ್ನು ಹಡಗಿಗೆ ತರಕೂಡದೆಂಬ ನಿಯಮ. ಒಳಗೆ ಕೊಂಡರೆ ದುಬಾರಿ. "ಮಾವಯ್ಯ, ನಿಮ್ ಚೀಲ ಯಾರೂ ಬಿಚ್ಚಿ ಕಾಂತಿಲ್ಲೆ" ಎಂದ. ಅರಿಷ್ಟದಲ್ಲಿಯೂ ಹುದುಗಿನಿಂದ ಹುಟ್ಟಿದ ಮದ್ಯಾಂಶ ಇದ್ದೇ ಇರುತ್ತದೆ, ಪ್ರಮಾಣದಲ್ಲಿ ತುಸು ಹೆಚ್ಚು ಕಡಿಮೆ ಅಷ್ಟೆ, ಎಂದು ಅವನ ಹಾಸ್ಯ. ನಾನು ನಕ್ಕೆ. ಸೀಸೆ ನನ್ನ ಚೀಲ ಸೇರಿತು.

ಅವನ ಪಕ್ಷದಲ್ಲಿ ನ್ಯಾಯವಿಲ್ಲವೆನ್ನಲಾರೆ. ಕಂಪನಿಗಳು ಪ್ರಯಾಣಿಕರ ಸುರಕ್ಷತೆಯ ಮಾತಾಡುತ್ತವೆ. ಕುಡಿದವನಿಗೂ ಕಡಲಿಗೂ ನಡುವೆ ಇರುವುದು ಒಂದು ಕಟಕಟೆ ಮಾತ್ರವಾದ್ದರಿಂದ ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಮೇರಿಕದ ಒಂದು ದೊಡ್ಡ ಕಂಪನಿ ಇಡಿಯ ಪ್ರಯಾಣಕ್ಕೆ ಒಟ್ಟಾಗಿ ಹಣ ಕಟ್ಟಿದವರಿಗೆ ಹಾಕಿದ ಮಿತಿ ದಿನಕ್ಕೆ 15 ಲೋಟ! ಹದಿನೈದರವರೆಗೆ ಕಾಯುವ ಕಾಳಜಿಯನ್ನು ಕಾಳಜಿಯೆನ್ನುವುದು ಕಷ್ಟ. ಅಲ್ಲಿಯ ಹಲವು ಹಡಗುಗಳಲ್ಲಿ ಹತ್ತುವ ದಿನ ಪ್ರಾಯದವರು ತಲಾ ಒಂದು 750 ಮಿಲಿಲೀಟರಿನ ದ್ರಾಕ್ಷಾರಸದ ಸೀಸೆಯನ್ನು ತರಬಹುದು. ವಿಸ್ಕಿ, ರಮ್ಮು ಕೂಡದು. ಇದೂ ವ್ಯಾಪಾರದ ಲೆಕ್ಕವೇ. ಹಾಗಿದ್ದ ಮೇಲೆ, ಲಾಭಕ್ಕಾಗಿ ಮಾಡಿದ ಕಟ್ಟಳೆಯನ್ನು ಲಾಭಕ್ಕಾಗಿ ಮುರಿದರೆ ಲೆಕ್ಕ ಸರಿಹೋಯಿತಲ್ಲ?

ಇಲ್ಲಿ ನನ್ನ ಬಾಯಿ ಕಟ್ಟುತ್ತದೆ. ಏಕೆಂದರೆ ನಾನು ಮೂವತ್ತು ವರ್ಷ ಬೆಂಗಳೂರಿನ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಎಷ್ಟು ಮನೆಗಳ ಅನ್ನ ಹೋಟೆಲಿನಿಂದ ಬಂದದ್ದೆಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. 1924ರಲ್ಲಿ ಮಾವಳ್ಳಿಯ ಹೆಸರಾಂತ ಹೋಟೆಲನ್ನು ತೆರೆದ ಮಯ್ಯ ಸಹೋದರರೂ ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯವರೇ. 'ಹೊರಗಿನ ತಿಂಡಿಯನ್ನು ಇಲ್ಲಿ ತಿನ್ನಕೂಡದು' ಎಂಬ ಹಲಗೆಗೆ ನನ್ನ ಕೈಯಾರೆ ಮೊಳೆ ಹೊಡೆದಿದ್ದೇನೆ. ಒಂದು ಕಾಫಿ ತರಿಸಿ, ಮನೆಯ ಡಬ್ಬಿ ಬಿಚ್ಚಿ, ನಾಲ್ವರು ಒಂದು ತಾಸು ಮೇಜು ಹಿಡಿದವರನ್ನು ಎಬ್ಬಿಸಿದ್ದೇನೆ. ಕಾಫಿಯ ಬೆಲೆಯೊಳಗೆ ಮೇಜಿದೆ, ದೀಪವಿದೆ, ಲೋಟ ತೊಳೆಯುವ ಹುಡುಗನ ಸಂಬಳವಿದೆ. ಡಬ್ಬಿ ತಂದವನು ಇವನ್ನೆಲ್ಲ ಬಳಸಿಕೊಂಡು ಅವುಗಳ ಹೊರೆಯನ್ನು ಪಕ್ಕದ ಮೇಜಿನವನ ಮೇಲೆ ಹಾಕುತ್ತಾನೆ. ಹಡಗಿನ ಟಿಕೆಟ್ಟು ಅಗ್ಗವಾಗುವುದೂ ಒಳಗಿನ ಮಾರಾಟದ ಬಲದಿಂದಲೇ. ಅಗ್ಗದ ಟಿಕೆಟ್ಟು ಮಾತ್ರ ನನಗಿರಲಿ, ದುಬಾರಿ ಲೋಟ ಇನ್ನೊಬ್ಬನಿಗಿರಲಿ ಎಂಬುದು ಕಂಪನಿಗೆ ಎಸೆದ ಸವಾಲಲ್ಲ. ಸಹಪ್ರಯಾಣಿಕನ ಜೇಬಿಗೆ ಹಾಕಿದ ಕೈ.

ಕಟ್ಟಳೆಗಳೆಲ್ಲ ಒಂದೇ ತೂಕದವಲ್ಲವೆಂಬುದೂ ನಿಜ. ನಮ್ಮ ಜಿಲ್ಲೆ ಮದರಾಸು ಆಡಳಿತದಲ್ಲಿದ್ದಾಗ, 1948ರ ಹೊತ್ತಿಗೆ ಪಾನನಿರೋಧ ಆ ಪ್ರಾಂತವಿಡೀ ಹಬ್ಬಿತು. 1956ರಲ್ಲಿ ಮೈಸೂರಿಗೆ ಸೇರಿದ ಮೇಲೂ ಮುಂದುವರಿದು 1967ರಲ್ಲಿ ತೆಗೆಯಲ್ಪಟ್ಟಿತು. ಆ ದಿನಗಳಲ್ಲಿ ತೋಟದ ಮರೆಯಲ್ಲಿ ಸೇಂದಿ ಕುಡಿದ ಕೂಲಿಯವನನ್ನು ನಾನು ನೀತಿಗೆಟ್ಟವನೆಂದು ಹೇಳಲಾರೆ. ಅವನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಅವನಿಗೆ ಬೇರೆ ಬಾಗಿಲೂ ಇರಲಿಲ್ಲ. ಹಡಗಿಗೆ ಹತ್ತುವವನ ಸಂಗತಿ ಹಾಗಲ್ಲ. ಬೇಡವೆಂದರೆ ಹತ್ತದಿರಬಹುದು, ಮೂರು ದಿನ ಕುಡಿಯದಿರಬಹುದು, ಕೊಂಡು ಒಂದೇ ಲೋಟಕ್ಕೆ ನಿಲ್ಲಿಸಬಹುದು. ಸರಕಾರ ಹೊರಿಸಿದ ಕಾಯಿದೆ ದೊಡ್ಡದು, ಕಂಪನಿಯ ನಿಯಮ ಸಣ್ಣದು ಎಂದು ನಾವು ತಿಳಿಯುತ್ತೇವೆ. ಆದರೆ ಮನಸ್ಸಾಕ್ಷಿಯ ತಕ್ಕಡಿಯಲ್ಲಿ ನಾವೇ ಒಪ್ಪಿ ಕೊಟ್ಟ ಮಾತು ಹೆಚ್ಚು ತೂಗಬೇಕಲ್ಲವೇ?

ಟಿಕೆಟ್ಟಿನ ಹಿಂದಿನ ಸಣ್ಣಕ್ಷರವನ್ನು ಯಾರು ಓದುತ್ತಾರೆ ಎಂದು ಕೇಳಬಹುದು. ಓದದವನು ಸೀಸೆಯನ್ನು ಎದುರಿಗೇ ಹಿಡಿದುಕೊಂಡು ಬರುತ್ತಾನೆ. ಅರಿಷ್ಟದ ಚೀಟಿಯ ಹಿಂದೆ ಅಡಗಿಸಿದವನು ಓದಿದ್ದಾನೆ.

ಇನ್ನು ನನ್ನ ಕಥೆ. ಬಂದರಿನಲ್ಲಿ ಚೀಲ ಯಂತ್ರದೊಳಗೆ ಹೋಗಿ ಬಂತು. ತಪಾಸಣೆಯ ಹುಡುಗ ಸೀಸೆಯನ್ನು ಹೊರತೆಗೆದು ಇದೇನೆಂದು ಕೇಳಿದ. ಇಪ್ಪತ್ತೈದರ ಒಳಗಿನ ಪ್ರಾಯ. "ದವಾ ಹೈ" ಎಂದೆ. ನನ್ನ ನರೆತ ತಲೆಯನ್ನು ಒಮ್ಮೆ ನೋಡಿದ. ಮುಚ್ಚಳ ತಿರುಗಿಸಲಿಲ್ಲ, ಮೂಸಲಿಲ್ಲ. ಸೀಸೆಯನ್ನು ಒಡೆಯದಂತೆ ಬಟ್ಟೆಯ ನಡುವೆ ಇಟ್ಟು, ಚೀಲವನ್ನು ತಾನೇ ಎತ್ತಿ ಹತ್ತು ಹೆಜ್ಜೆ ತಂದುಕೊಟ್ಟ.

ಆ ಹತ್ತು ಹೆಜ್ಜೆ ನನಗೆ ಭಾರವಾಯಿತು. ಕಂಪನಿಗೆ ಮೋಸ ಮಾಡುತ್ತೇವೆಂದು ನಾವು ಹೇಳಿಕೊಳ್ಳುತ್ತೇವೆ. ಕಂಪನಿಗೆ ಮುಖವಿಲ್ಲ. ಸುಳ್ಳು ಹೇಳುವಾಗ ಎದುರಿಗೆ ನಿಲ್ಲುವವನು ಯಾವಾಗಲೂ ಒಬ್ಬ ಮನುಷ್ಯ, ಅದೂ ಸಣ್ಣ ಸಂಬಳದವನು. ಸಿಕ್ಕಿಬಿದ್ದರೆ ಬೈಗುಳ ತಿನ್ನುವವನೂ ಅವನೇ. ಮುದುಕರ ಮಾತನ್ನು ನಂಬಬೇಕೆಂದು ಅವನಿಗೆ ಯಾರೋ ಮನೆಯಲ್ಲಿ ಕಲಿಸಿದ್ದರು. ಆ ವಿಶ್ವಾಸ ನಾನು ಗಳಿಸಿದ್ದಲ್ಲ, ನನಗಿಂತ ಹಿಂದಿನ ಮುದುಕರು ಕೂಡಿಟ್ಟದ್ದು. ನಾನು ಅದನ್ನು ಒಂದು ಸೀಸೆ ರಮ್ಮಿಗೆ ಖರ್ಚುಮಾಡಿದೆ. ನನ್ನ ಹಿಂದೆ ನಿಜವಾದ ಔಷಧಿ ಹಿಡಿದು ಬರುವ ಅಜ್ಜಿಯೊಬ್ಬಳ ಸೀಸೆಯನ್ನು ಅವನು ನಾಳೆ ಮೂಸಿ ನೋಡಿದರೆ, ಆ ಅವಮಾನದಲ್ಲಿ ನನ್ನದೂ ಒಂದು ಪಾಲು.

ಅಳಿಯ ರಾತ್ರಿ ಎರಡು ಲೋಟ ಕುಡಿದು ಸುಖವಾಗಿ ನಿದ್ರಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸೀಸೆಯನ್ನು ಬೇಡವೆನ್ನಲು ನನಗೆ ಬಾಯಿ ಇತ್ತು. ಗೋವಾದಿಂದ ಮರಳುವಾಗ ದಕ್ಷಿಣದ ದ್ವೀಪಗಳ ಕಡೆಗೂ ಒಮ್ಮೆ ಹೋಗೋಣವೆಂದ. ಹೋಗೋಣ ಎಂದೆ. "ನಿನ್ನ ಲೋಟದ ದುಡ್ಡು ನಾನು ಕೊಡುತ್ತೇನೆ ಮಾರಾಯ, ಚೀಲ ಮಾತ್ರ ಕೊಡುವುದಿಲ್ಲ."