ಯಾರ ಜೊತೆ ಹೋಲಿಸಿ?

ಭಾವನಿಗೆ ಬೈಪಾಸ್ ಆದ ಮರುದಿನ ಬೆಳಿಗ್ಗೆ, ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತಿದ್ದ ಅಕ್ಕನ ಮಗಳ ಫೋನಿಗೆ ಲ್ಯಾಬ್ ರಿಪೋರ್ಟ್ ಬಂತು. ಟ್ರೋಪೋನಿನ್ ಮೂರು ಸಾವಿರದ ಚಿಲ್ಲರೆ. ಪಕ್ಕದಲ್ಲಿ, ಇರಬೇಕಾದ್ದು 26ರೊಳಗೆ ಎಂದು ಅಚ್ಚಾಗಿತ್ತು. “ಮಾಮ, ನೂರು ಪಟ್ಟು ಜಾಸ್ತಿ ಇದೆ” ಎಂದಳು. ಬಾಯಿ ಒಣಗಿಹೋಗಿತ್ತು. ಮೂರು ಸಾವಿರ ಭಾವನದೇ ಸರಿ. ಆ 26 ಯಾರದು?

ಎದೆಗೆ ಕತ್ತರಿ ತಾಗದವರದು. ಟ್ರೋಪೋನಿನ್ ಎಂಬುದು ಹೃದಯದ ಸ್ನಾಯುವಿನೊಳಗೆ ಇರಬೇಕಾದ ಪ್ರೋಟೀನು. ಜೀವಕೋಶ ಗಾಯಗೊಂಡರೆ ರಕ್ತಕ್ಕೆ ಸೋರುತ್ತದೆ. ಎದೆನೋವೆಂದು ಬಂದವರಲ್ಲಿ ಆ ಸೋರಿಕೆ ಹೃದಯಾಘಾತದ ಸುಳಿವು. ಆಪರೇಷನ್ ಎಂದರೆ ಗೊತ್ತಿದ್ದೂ ಮಾಡುವ ಗಾಯ. ಪೊಟ್ಯಾಸಿಯಂ ದ್ರಾವಣದಿಂದ ಹೃದಯವನ್ನು ನಿಲ್ಲಿಸಿ, ಅದಕ್ಕೆ ಹೋಗುವ ರಕ್ತವನ್ನೂ ತಡೆದು, ಹೊಲಿದು, ಮತ್ತೆ ಬಡಿಯುವಂತೆ ಮಾಡಿದ ಮೇಲೆ ಏನೂ ಸೋರದಿದ್ದರೇ ಆಶ್ಚರ್ಯ.

ಹಾಗಾದರೆ ಎಷ್ಟು ಸೋರಿದರೆ ಹೆದರಬೇಕು? ವೈದ್ಯರ ಒಪ್ಪಿತ ವ್ಯಾಖ್ಯೆಗಳು ಮಾಮೂಲು ಮಿತಿಯ 10 ಪಟ್ಟು, 35 ಪಟ್ಟು, 70 ಪಟ್ಟು ಎಂದು ಬೇರೆ ಬೇರೆ ಗೆರೆ ಎಳೆದಿದ್ದವು. 2022ರಲ್ಲಿ ಪ್ರಕಟವಾದ ‘ವಿಷನ್’ ಅಧ್ಯಯನ 12 ದೇಶಗಳ 13,862 ರೋಗಿಗಳನ್ನು ಹಿಂಬಾಲಿಸಿತು. ಮೂವತ್ತು ದಿನದೊಳಗೆ ತೀರಿಕೊಂಡವರು 296 ಮಂದಿ. ಬೈಪಾಸ್ ಅಥವಾ ಮಹಾಪಧಮನಿಯ ಕವಾಟದ ಆಪರೇಷನ್ ಮಾತ್ರ ಆದವರಲ್ಲಿ, ಮೊದಲ ದಿನ ಸಾವಿನ ಅಪಾಯದ ಜೊತೆ ತಳುಕು ಹಾಕಿಕೊಂಡ ಗಡಿ 5,670, ಅಂದರೆ 218 ಪಟ್ಟು. ಉಳಿದ ಹೃದಯ ಶಸ್ತ್ರಚಿಕಿತ್ಸೆಗಳಲ್ಲಿ ಅದು 499 ಪಟ್ಟು! ಹತ್ತು ಪಟ್ಟಿನ ಗೆರೆಯನ್ನು ಬಹುತೇಕ ಎಲ್ಲರೂ ದಾಟಿದ್ದರು. ಎಲ್ಲರೂ ದಾಟುವ ಗೆರೆ ಯಾರನ್ನೂ ಗುರುತಿಸುವುದಿಲ್ಲ.

ಹಾಗೆಂದು ಅಕ್ಕನ ಮಗಳಿಗೆ 218 ಹೇಳಿ ಸಮಾಧಾನಪಡಿಸಬಹುದಿತ್ತೆ? ನಮ್ಮಲ್ಲಿ ಬಡಿಯುತ್ತಿರುವ ಹೃದಯದ ಮೇಲೆಯೇ ಬೈಪಾಸ್ ಮಾಡುವ ರೂಢಿ ಸಾಕಷ್ಟಿದೆ. ಅಂಥವರಲ್ಲಿ ಸೋರಿಕೆ ಸಾಮಾನ್ಯವಾಗಿ ಕಡಿಮೆ. ಭಾವನಿಗೆ ಯಾವ ರೀತಿ ಮಾಡಿದರೆಂದು ನಾವು ಕೇಳಿಯೂ ಇರಲಿಲ್ಲ. ಮೇಲೆ ಸಕ್ಕರೆ ಕಾಯಿಲೆ, ಅರವತ್ತೆಂಟು ವಯಸ್ಸು. ಅವರನ್ನು ಯಾವ ಗುಂಪಿನಲ್ಲಿ ಎಣಿಸುವುದು? ತರ್ಕಶಾಸ್ತ್ರಜ್ಞ ಜಾನ್ ವೆನ್ 1866ರಷ್ಟು ಹಿಂದೆಯೇ ಈ ತೊಡಕನ್ನು ಎತ್ತಿ ತೋರಿಸಿದ್ದ: ಒಬ್ಬನೇ ಮನುಷ್ಯ ಏಕಕಾಲಕ್ಕೆ ಹಲವು ಗುಂಪುಗಳಿಗೆ ಸೇರುತ್ತಾನೆ, ಗುಂಪು ಬದಲಾದರೆ ಸಂಭವನೀಯತೆಯೂ ಬದಲಾಗುತ್ತದೆ. ಗುಂಪನ್ನು ಕಿರಿದು ಮಾಡುತ್ತ ಹೋದರೆ ಕೊನೆಗೆ ಅದರಲ್ಲಿ ಭಾವ ಒಬ್ಬರೇ ಉಳಿಯುತ್ತಾರೆ. ಒಬ್ಬರಿಗೆ ಸರಾಸರಿ ಎಲ್ಲಿಂದ ಬರಬೇಕು? ರಕ್ತ ಅವರದೇ ಆದರೂ ಭವಿಷ್ಯ ನುಡಿಯುವುದು ಗುಂಪು. ಆ ಗುಂಪನ್ನು ಆರಿಸುವವರು ನಾವು. ರಿಪೋರ್ಟಿನ ದಪ್ಪಕ್ಷರ ಮುಚ್ಚಿಡುವುದು ಈ ಆಯ್ಕೆಯನ್ನೇ.

ಇಷ್ಟಾದರೂ ಇಂಥ ಪರೀಕ್ಷೆಗಳನ್ನು ಹೊಸ ಕಾಲದ ಜಾತಕ ಎಂದು ತಳ್ಳಿಹಾಕಲಾರೆ. ಜಾತಕ ನಿಜವಾದರೆ ಜೋಯಿಸರಿಗೆ ಹೆಸರು. ಇಲ್ಲಿ ನುಡಿದದ್ದು ಸುಳ್ಳಾಗಲಿ ಎಂದೇ ನುಡಿಯುವುದು. ಮೂತ್ರಪಿಂಡದ ವಿಷಯ ನೋಡಿ. ಆಪರೇಷನ್ನಿನ ಪೆಟ್ಟು ಅದಕ್ಕೆ ತಗುಲಿದರೂ ರಕ್ತದ ಕ್ರಿಯಾಟಿನಿನ್ ಏರಲು ಒಂದೆರಡು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂತ್ರದ ಎರಡು ಪ್ರೋಟೀನುಗಳ ಏರಿಕೆ ಅಪಾಯ ತೋರಿಸಿದ 276 ರೋಗಿಗಳನ್ನು ಎರಡು ಪಾಲು ಮಾಡಿದರು. ಮಾಮೂಲು ಆರೈಕೆಯವರಲ್ಲಿ ಶೇ. 71.7 ಮಂದಿಗೆ ಮೂತ್ರಪಿಂಡದ ತೊಂದರೆಯಾಯಿತು, ಹೆಚ್ಚು ನಿಗಾ ಇಟ್ಟವರಲ್ಲಿ ಶೇ. 55.1. ಆ ನಿಗಾದಲ್ಲಿ ಹೊಸ ಔಷಧವೇನೂ ಇರಲಿಲ್ಲ. ರಕ್ತದೊತ್ತಡ, ದ್ರವ, ಸಕ್ಕರೆ ನೋಡಿಕೊಳ್ಳುವುದು, ಮೂತ್ರಪಿಂಡಕ್ಕೆ ಭಾರವಾಗುವ ಮದ್ದು ತಪ್ಪಿಸುವುದು, ಇಷ್ಟೇ. ಎಲ್ಲರಿಗೂ ಮಾಡಬೇಕಾದ್ದೇ ಅಲ್ಲವೇ, ಇದಕ್ಕೆ ಪರೀಕ್ಷೆ ಯಾಕೆ ಎಂದು ಕೇಳಬಹುದು. ಇರುವ ನರ್ಸುಗಳು ಎಷ್ಟು, ಹಾಸಿಗೆಗಳು ಎಷ್ಟು ಎಂದು ಒಮ್ಮೆ ಎಣಿಸಿದರೆ ಉತ್ತರ ಸಿಗುತ್ತದೆ.

ನನ್ನ ಅಂಜಿಕೆ ಬೇರೆ. ಕಣ್ಣನ್ನು ಒಂದು ಹಾಸಿಗೆಯತ್ತ ಕರೆಯುವ ಸಂಖ್ಯೆ, ಇನ್ನೊಂದರಿಂದ ತಿರುಗಿಸಲೂಬಲ್ಲದು. ಟ್ರೋಪೋನಿನ್ ಕಡಿಮೆ ಇದ್ದವರಲ್ಲೂ ಹೃದಯದ ಸುತ್ತ ರಕ್ತ ಕಟ್ಟಿಕೊಳ್ಳಬಹುದು. ಹೆಚ್ಚಿರುವವರ ವಿಚಾರದಲ್ಲಿ, “ಇನ್ನೇನು ಪ್ರಯೋಜನ” ಎಂದು ಯಾರಾದರೂ ಕೈಚೆಲ್ಲಿದರೆ ಭವಿಷ್ಯ ತನ್ನಿಂದ ತಾನೇ ನಿಜವಾಗುತ್ತದೆ, ಲೆಕ್ಕದಲ್ಲಿ ಅದು ಪರೀಕ್ಷೆಯ ಗೆಲುವೆಂದೇ ದಾಖಲಾಗುತ್ತದೆ.

ಹತ್ತು ಗಂಟೆಗೆ ಡ್ಯೂಟಿ ಡಾಕ್ಟರು ಹೊರಬಂದರು. ಅಕ್ಕನ ಮಗಳು ಫೋನು ಮುಂದೆ ಹಿಡಿದಳು. ಆಕೆ ನೋಡಿ, “ಇದು ಬೆಳಗಿನ ಆರರದ್ದಮ್ಮ. ಇಸಿಜಿ ಬದಲಾಗಿಲ್ಲ, ಎಕೋ ಮಾಡ್ತಿದ್ದೀವಿ. ಮಧ್ಯಾಹ್ನ ಮತ್ತೆ ರಕ್ತ ತೆಗೀತೀವಿ” ಎಂದು ಹೇಳಿ ಒಳಗೆ ಹೋದರು.