ಮಿಂದ ನೀರಿನ ಗತಿ

ಬಿಸಿನೀರಿನ ತೊಟ್ಟಿಯಲ್ಲಿ ಕುಳಿತು ಎದ್ದವನು ಮಿಂದವನೆನಿಸುತ್ತಾನೆಯೆ ಎಂಬ ಪ್ರಶ್ನೆ ಮೊದಲ ನೋಟಕ್ಕೆ ಪರಿಹಾಸದಂತೆ ತೋರಬಹುದು. ಆದರೆ ಐದಾರು ಜನ ಒಟ್ಟಿಗೆ ಕೂರಬಹುದಾದ, ಪಂಪು, ಶೋಧಕ, ಹೀಟರುಗಳಿಂದ ಕೂಡಿದ ‘ಹಾಟ್ ಟಬ್’ ಎಂಬ ತೊಟ್ಟಿಗೆ ಅನುಕೂಲಸ್ಥರು ಆಸೆಪಡುವ ಈ ಕಾಲದಲ್ಲಿ, ಶೌಚವೆಂದರೇನೆಂಬ ಪುರಾತನ ಜಿಜ್ಞಾಸೆಯೇ ಆ ಪ್ರಶ್ನೆಯೊಳಗೆ ಅಡಗಿದೆಯೆಂದು ನನಗೆ ತೋರುತ್ತದೆ.

ಸ್ನಾನದ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರು ಉದಾರಿಗಳು. ನೀರಿನಲ್ಲಿ ಮುಳುಗುವ ವಾರುಣಸ್ನಾನವಲ್ಲದೆ, ಭಸ್ಮದಿಂದಾಗುವ ಆಗ್ನೇಯ, ಗೋಧೂಳಿಯಿಂದಾಗುವ ವಾಯವ್ಯ, ಬಿಸಿಲಿರುವಾಗಲೇ ಸುರಿಯುವ ಮಳೆಯಿಂದಾಗುವ ದಿವ್ಯ, ಮೃತ್ತಿಕೆಯಿಂದಾಗುವ ಭೌಮ, ಮಂತ್ರದಿಂದಾಗುವ ಮಾಂತ್ರ, ಕೊನೆಗೆ ಹರಿಚಿಂತನೆಯಿಂದಲೇ ನೆರವೇರುವ ಮಾನಸ, ಇವೆಲ್ಲವನ್ನೂ ಅವರು ಸ್ನಾನವೆಂದೇ ಎಣಿಸಿರುವರು. ಹರಿಯುವ ತಣ್ಣೀರಿಗೆ ಪ್ರಾಶಸ್ತ್ಯವನ್ನಿತ್ತರೂ ರೋಗಿಗೆ ಬಿಸಿನೀರನ್ನು ನಿರಾಕರಿಸಲಿಲ್ಲ; ನರಕಚತುರ್ದಶಿಯ ಅಭ್ಯಂಜನವಂತೂ ಬಿಸಿನೀರಿಲ್ಲದೆ ನಡೆಯುವುದೇ ಇಲ್ಲ. ಆದುದರಿಂದ ತೊಟ್ಟಿಯ ನೀರು ಬಿಸಿಯಾದುದೆಂಬುದು ಆಕ್ಷೇಪಣೆಯೇ ಅಲ್ಲ.

ಶಿಕಾರಿಪುರ, ಸೊರಬ ಸೀಮೆಯ ಮನೆಗಳಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಬೆಳಗಿ, ಜೇಡಿ ಕೆಮ್ಮಣ್ಣು ಬಳಿದು, ಹಿಂಡಲೆಕಾಯಿಯ ಬಳ್ಳಿಯನ್ನು ಅದರ ಕೊರಳಿಗೆ ಸುತ್ತಿ ಪೂಜಿಸುವುದನ್ನು ಕಂಡವರಿಗೆ, ಬಚ್ಚಲೊಲೆಯೂ ಒಂದು ದೇವತಾಸ್ಥಾನವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅಡಕೆಯ ಸೋಗೆ, ಹಾಳೆಗಳನ್ನು ಉರಿಸಿ ಕಾಯಿಸಿದ ನೀರನ್ನು ತೋಡಿ ತೋಡಿ ಸುರಿದುಕೊಂಡರೆ, ಮೈಗೆ ಒಮ್ಮೆ ತಗುಲಿದ ನೀರು ಮತ್ತೆ ತಗುಲದೆ ಗೋಡೆಯ ಕಂಡಿಯಿಂದ ಹೊರಬಿದ್ದು, ಸೀಗೆಪುಡಿ ಮತ್ತಿಸೊಪ್ಪುಗಳ ಲೋಳೆಯೊಡನೆ ಹಿತ್ತಿಲ ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಹೋಗಿ ಸೇರುತ್ತಿತ್ತು. ಮಿಂದ ನೀರಿನ ಗತಿಯೇನೆಂಬುದನ್ನು ಅಂದಿನವರು ಯೋಚಿಸಬೇಕಾಗಿಯೇ ಇರಲಿಲ್ಲ; ಹಿತ್ತಿಲೇ ಅದನ್ನು ಯೋಚಿಸುತ್ತಿತ್ತು.

ತೊಟ್ಟಿಯ ರೀತಿ ಇದಕ್ಕೆ ತದ್ವಿರುದ್ಧವಾದುದು. ಅದರಲ್ಲಿ ಸಾವಿರ ಲೀಟರಿಗೂ ಮೀರಿದ ನೀರು ನಿಲ್ಲುತ್ತದೆ. ನೀರಿನ ತೂಕವೇ ಒಂದು ಟನ್ನಾಗುವುದರಿಂದ ಕೆಳಗಿನ ನೆಲ ಗಟ್ಟಿಯಾಗಿರಬೇಕು. ಅಷ್ಟನ್ನು 25 ಡಿಗ್ರಿಯಿಂದ 38 ಡಿಗ್ರಿಗೆ ಕಾಯಿಸಲು ಸುಮಾರು 15 ಯೂನಿಟ್ ವಿದ್ಯುತ್ತು ಬೇಕು. ಇಷ್ಟು ವ್ಯಯಮಾಡಿದ ನೀರನ್ನು ದಿನದಿನವೂ ಚೆಲ್ಲಲಾರದೆ, ಪಂಪಿನಿಂದ ಎಳೆದು, ಶೋಧಿಸಿ, ಕ್ಲೋರಿನನ್ನೋ ಬ್ರೋಮಿನನ್ನೋ ಬೆರೆಸಿ, ಅದೇ ನೀರನ್ನು ತಿಂಗಳುಗಟ್ಟಲೆ ಉಪಯೋಗಿಸುತ್ತಾರೆ. ಜಪಾನಿನವರು ಬಿಸಿನೀರಿನ ತೊಟ್ಟಿಗೆ ಇಳಿಯುವ ಮುನ್ನ ಹೊರಗೆ ಕುಳಿತು ಮೈಯನ್ನು ಚೆನ್ನಾಗಿ ತೊಳೆದುಕೊಳ್ಳುತ್ತಾರಷ್ಟೆ. ಅಂದರೆ ಅವರಿಗೂ ತೊಟ್ಟಿ ವಿಶ್ರಾಂತಿಯ ಸ್ಥಾನವೇ ಹೊರತು ಕೊಳೆ ಕಳೆಯುವ ಸ್ಥಾನವಲ್ಲ. ಮೊದಲ ಪ್ರಶ್ನೆಗೆ ಇಷ್ಟು ಉತ್ತರ ಸಾಕು: ತೊಟ್ಟಿಯಲ್ಲಿ ಕೂರುವುದು ಸುಖವಾದೀತು, ಸ್ನಾನವಾಗದು, ಮಿಂದೇ ಅದಕ್ಕೆ ಇಳಿಯತಕ್ಕದ್ದು.

ಆದರೆ ಪ್ರಶ್ನೆಯ ಕಠಿನವಾದ ಭಾಗ ಇಲ್ಲಿಂದಾಚೆಗೆ ಇದೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಒಂದು ಸಣ್ಣ ವಿಧಿಯುಂಟು: ಪರರು ಕಟ್ಟಿಸಿದ ಜಲಾಶಯದಲ್ಲಿ ಮೀಯುವವನು ಮೊದಲು ಅದರ ತಳದಿಂದ ಐದು ಮುದ್ದೆ ಮಣ್ಣನ್ನು ತೆಗೆದು ಹೊರಗೆ ಹಾಕಬೇಕು. ಹಾಗೆ ಮಾಡದವನಿಗೆ ಕೆರೆ ಕಟ್ಟಿಸಿದವನ ಪಾಪದ ಪಾಲು ಅಂಟುತ್ತದೆಂಬ ಭಾವನೆ ಇದರ ಹಿಂದಿರುವುದು ದಿಟ. ನನಗೆ ಮಾತ್ರ ಇದರಲ್ಲಿ ಪಾಪಲೇಪದ ಭಯಕ್ಕಿಂತ ಹೂಳೆತ್ತುವ ವಿವೇಕವೇ ಎದ್ದು ಕಾಣುತ್ತದೆ. ತನ್ನ ಶುದ್ಧಿಗಾಗಿ ನೀರಿಗಿಳಿದವನು ನೀರಿಗೂ ಅಷ್ಟು ಶುದ್ಧಿಯನ್ನು ಸಲ್ಲಿಸಿಯೇ ಮೇಲೇರಬೇಕು. ಮನುವೂ ಮಲಮೂತ್ರ, ಉಗುಳು, ರಕ್ತಗಳೊಡನೆ ವಿಷವನ್ನು ಹೆಸರಿಸಿಯೇ ನೀರಿಗೆ ಹಾಕಬಾರದೆಂದು ವಿಧಿಸಿರುವನು.

ಕೆರೆಗಳ ಈ ನಾಡಿನಲ್ಲಿ ಆ ವಿವೇಕ ಅಪರಿಚಿತವಾದುದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಐದನೆಯ ಶತಮಾನದ ಸ್ತಂಭಶಾಸನವನ್ನು ನಾವು ಮಯೂರಶರ್ಮನ ಕಥೆಗಾಗಿ ಓದುತ್ತೇವೆ. ಆದರೆ ಕವಿ ಕುಬ್ಜನು ಅಷ್ಟು ಲಲಿತವಾದ ಸಂಸ್ಕೃತವನ್ನು ಶಿಲೆಗೆ ಏರಿಸಿದುದು, ಶಿವಾಲಯದ ಬಳಿ ಕದಂಬರ ದೊರೆ ಕಾಕುಸ್ಥವರ್ಮನು ಮಾಡಿಸಿದ ಒಂದು ಕೆರೆಯ ನಿಮಿತ್ತವಾಗಿ. ಸಮೀಪದ ಬಳ್ಳಿಗಾವಿಯಲ್ಲಿ ಕಾಳಾಮುಖ ಶೈವರ ವಿದ್ಯಾಕೇಂದ್ರವಾಗಿ ಮೆರೆದು, ಅನ್ನದಾನಕ್ಕೂ ರೋಗಿಗಳ ಶುಶ್ರೂಷೆಗೂ 1162ರ ಶಾಸನದಲ್ಲಿ ಕೀರ್ತಿತವಾದ ಮಠಕ್ಕೆ ಕೋಡಿಯ ಮಠವೆಂದೇ ಹೆಸರು. ಕೆರೆ ಕಟ್ಟಿದವರು ಹೆಚ್ಚಾದ ನೀರು ಹೊರಡುವ ಕೋಡಿಯನ್ನು ಮೊದಲೇ ಯೋಚಿಸದಿದ್ದರೆ ಏರಿಯೇ ಒಡೆಯುತ್ತಿತ್ತು.

ಬಳ್ಳಿಗಾವಿಯ ಅಲ್ಲಮನೂ ಉಡುತಡಿಯ ಅಕ್ಕನೂ ಇದೇ ತಾಲ್ಲೂಕಿನವರು. ಹೊರಗಿನ ನೀರಿನಿಂದ ಒಳಗು ತೊಳೆಯದೆಂದು ಶರಣರು ಹೇಳಿದ ಮಾತನ್ನು ನಾವು ಬಾಯಲ್ಲಿ ಒಪ್ಪಿದೆವು. ಆದರೆ ಮೇಲಿನ ಕೇರಿಯ ಬಚ್ಚಲು ಕೆಳಗಿನ ಕೇರಿಯ ಬಾಗಿಲಲ್ಲಿ ಹರಿಯುವಂತೆ ಊರುಗಳನ್ನು ಕಟ್ಟಿ, ಕೊಳೆ ಮಾಡಿದವರನ್ನು ಮಡಿವಂತರೆಂದೂ ಅದನ್ನು ತುಳಿಯಬೇಕಾದವರನ್ನು ಮೈಲಿಗೆಯವರೆಂದೂ ಕರೆದೆವು. ತನ್ನ ಕೊಳೆಯನ್ನು ಅನ್ಯರ ಅಂಗಳಕ್ಕೆ ವರ್ಗಾಯಿಸುವ ಶುದ್ಧಿ ಶುದ್ಧಿಯೇ ಅಲ್ಲವೆಂಬುದು ನನ್ನ ನಿಶ್ಚಯ. ತೊಟ್ಟಿಯ ಧರ್ಮಾಧರ್ಮ ನಿರ್ಣಯವಾಗುವುದೂ ನೀರು ಬರುವ ನಲ್ಲಿಯಲ್ಲಿ ಅಲ್ಲ, ಹೋಗುವ ಕೊಳವೆಯಲ್ಲಿ.

ಆದಕಾರಣ ತೊಟ್ಟಿ ಕೂಡಿಸುವ ಗೃಹಸ್ಥನು ಪುರೋಹಿತರಿಗಿಂತ ಮೊದಲು ನಲ್ಲಿ ಕೆಲಸದವನೊಡನೆ ಕುಳಿತು ಮಾತಾಡುವುದು ಯುಕ್ತ. ನೀರು ತುಂಬುವ ಕೊಳವೆಯ ಬಾಯಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲಿದ್ದು ನಡುವೆ ಗಾಳಿಯ ಅಂತರವಿರಬೇಕು. ಇಲ್ಲವಾದರೆ ಒತ್ತಡ ಕುಗ್ಗಿದಾಗ ಮಿಂದ ನೀರು ಕುಡಿಯುವ ನೀರಿನ ಕೊಳವೆಗೆ ಹಿಂದಿರುಗೀತು, ಮಡಿಯವರಿಗೆ ಇದಕ್ಕಿಂತ ಘೋರವಾದ ಎಂಜಲು ಯಾವುದು! ಪಂಪು ನೀರೆಳೆಯುವ ಬಾಯಿ ಒಂದೇ ಆಗಿದ್ದರೆ ಕೂದಲೋ ಕೈಯೋ ಅದಕ್ಕೆ ಸಿಕ್ಕೀತಾದುದರಿಂದ ಎರಡಿರಬೇಕು. ಬರಿದು ಮಾಡುವ ಕೊಳವೆಯಂತೂ ಬೀದಿಯ ಮಳೆನೀರಿನ ಚರಂಡಿಗೆ ಸೇರಕೂಡದು. ಶಿಕಾರಿಪುರದ ನೀರನ್ನು ಕುಮುದ್ವತಿಯೂ, ಸೊರಬದ ನೀರನ್ನು ದಂಡಾವತಿ, ವರದೆಯರೂ ಹೊತ್ತು ತುಂಗಭದ್ರೆಗೆ ಒಪ್ಪಿಸುವುವು. ಕ್ಲೋರಿನು ಬೆರೆತ ನೀರು ಹಳ್ಳಕ್ಕಿಳಿದರೆ ಮೊದಲು ಸಾಯುವುದು ಮೀನು.

ಬರಿದು ಮಾಡುವ ಕೆಲವು ದಿನಗಳ ಮೊದಲೇ ಔಷಧಿ ಹಾಕುವುದನ್ನು ನಿಲ್ಲಿಸಿ, ಮುಚ್ಚಳ ತೆರೆದು ಬಿಸಿಲು ಗಾಳಿಗೆ ಬಿಟ್ಟರೆ ಕ್ಲೋರಿನು ಬಹುಮಟ್ಟಿಗೆ ಇಳಿಯುತ್ತದೆ. ಇಳಿಯಿತೇ ಎಂದು ನೋಡಲು ಪರೀಕ್ಷೆಯ ಕಾಗದದ ಪಟ್ಟಿಗಳೂ ದೊರೆಯುತ್ತವೆ. ಆಮೇಲೆ ಅದನ್ನು ನಿಧಾನವಾಗಿ ಸ್ವಂತ ಹಿತ್ತಿಲ ನೆಲಕ್ಕೆ ಇಂಗಿಸಿರಿ. ಸಾವಿರ ಲೀಟರು ಇಂಗುವಷ್ಟು ಹಿತ್ತಿಲಿಲ್ಲದವರು, ಪಟ್ಟಣದ ಒಳಚರಂಡಿಯ ಸಂಪರ್ಕವೂ ಇಲ್ಲದಿದ್ದರೆ, ಹಂಡೆಯಲ್ಲಿಯೇ ತೃಪ್ತರಾಗುವುದು ಲೇಸು.