ಮರುಮುದ್ರಿಕೆಯ ಧರ್ಮ

ಮಂಗಳೂರಿನ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಒಮ್ಮೊಮ್ಮೆ ಗ್ರಾಮಫೋನು ತಟ್ಟೆಗಳು ದೊರೆಯುವುದುಂಟು. ಅರಗು ಬೆರೆಸಿ ಮಾಡಿದ ಆ ಕರಿಯ ತಟ್ಟೆಯು ಕೈತಪ್ಪಿದರೆ ಒಡೆಯುವುದು. ಉಕ್ಕಿನ ಮುಳ್ಳು ಹಾಯ್ದಷ್ಟು ಸಲವೂ ಅದರ ಗೆರೆ ಸವೆಯುವುದು. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು. ಆದುದರಿಂದ ಹಳೆಯ ಗಾನವನ್ನು ವಿನೈಲ್ ತಟ್ಟೆಯಲ್ಲಾಗಲಿ ಬೇರೆ ಸಾಧನದಲ್ಲಾಗಲಿ ಮರಳಿ ಹೊರತರುವುದು ಪುಣ್ಯದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊರತರುವವನು ಅದನ್ನು ತಿದ್ದಬಹುದೆ? ತಿದ್ದುವುದಾದರೆ ಎಲ್ಲಿಯವರೆಗೆ? ಇದು ವಿಚಾರಣೀಯವಾದ ಪ್ರಶ್ನೆ.

ಕಾನೂನು ಇದಕ್ಕೆ ಉತ್ತರ ಕೊಡದು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷಗಳಿಗೆ ಮುಗಿಯುವುದು. ಅನಂತರ ಯಾರು ಬೇಕಾದರೂ ಹೊರತರಬಹುದು. ಹಾಡಿದವರು ಬದುಕಿಲ್ಲ; ಆಕ್ಷೇಪಿಸುವವರೂ ಇಲ್ಲ. ಹೇಳುವವರು ಕೇಳುವವರು ಇಲ್ಲದ ಎಡೆಯಲ್ಲಿಯೇ ಧರ್ಮದ ಪರೀಕ್ಷೆ ನಡೆಯುವುದಷ್ಟೆ.

ಗೌಹರ್ ಜಾನರ ತಟ್ಟೆಗಳನ್ನೇ ನೋಡಬಹುದು. 1902ರಲ್ಲಿ ಕಲಕತ್ತೆಯಲ್ಲಿ ಹಾಡಿ, ಈ ದೇಶದ ಮೊದಮೊದಲ ತಟ್ಟೆಗಳಲ್ಲಿ ದನಿಯನ್ನು ಉಳಿಸಿದ ಆ ಗಾಯಕಿ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಸುಮಾರು ಮೂರು ನಿಮಿಷದ ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಿದ್ದರು. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಗುರುತು ಸಿಗಲೆಂದು ಆ ಏರ್ಪಾಡು. ಇಂದು ಅದು ಅನಾವಶ್ಯಕವೆಂದು ಕತ್ತರಿಸಿದರೆ ರಾಗಕ್ಕೆ ಹಾನಿಯಿಲ್ಲ. ಆದರೆ ತನ್ನ ಹೆಸರನ್ನು ತಾನೇ ಲೋಕಕ್ಕೆ ಸಾರಿದ ಒಬ್ಬ ಹೆಂಗಸಿನ ಹೆಮ್ಮೆ ಅಲ್ಲಿಗೆ ಅಳಿಯುವುದು.

ಹಾಗಾದರೆ ಏನನ್ನೂ ಮುಟ್ಟದಿರುವುದೇ ನಿಷ್ಠೆಯೆ? ಅದೂ ಅಲ್ಲ. ಆ ಕಾಲದ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತಿನ ವೇಗದಲ್ಲಿಯೇ ಮುದ್ರಿತವಾದವುಗಳಲ್ಲ. ನಿಧಾನವಾಗಿ ಮುದ್ರಿಸಿದುದನ್ನು 78ರಲ್ಲಿ ತಿರುಗಿಸಿದರೆ ಶ್ರುತಿಯೇರಿ ಕಂಠವು ಕೀಚಲಾಗುವುದು; ಅಲ್ಲಿ ತಿದ್ದದಿರುವುದೇ ಸುಳ್ಳು. ಕರಕರ ಸದ್ದನ್ನು ತೆಗೆಯುವುದೂ ಯುಕ್ತವೇ. ಅತಿಯಾದರೆ ಮಾತ್ರ ಹೊಟ್ಟಿನೊಡನೆ ಕಾಳನ್ನೂ ತೂರಿದಂತೆ, ದನಿಯ ಮೆರುಗೂ ಹಾರಿಹೋಗುವುದು.

ಇಲ್ಲಿ ಮಂಗಳೂರಿನದೇ ಒಂದು ನಿದರ್ಶನ ದಾರಿ ತೋರಬಲ್ಲುದು. 1894ರಲ್ಲಿ ಈ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಎರಡು ಬಗೆಯಲ್ಲಿ ಮರಳಿ ಬಂದಿತು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದುದನ್ನು ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಮೂಲದ ಪುಟಗಳ ಯಥಾಪ್ರತಿಯೂ ಬೇರೆಯಾಗಿ ಹೊರಬಂದಿತು. ಎರಡರಿಂದಲೂ ಯಾರಿಗೂ ಮೋಸವಾಗಲಿಲ್ಲ. ಪರಿಷ್ಕೃತವಾದುದು ತಾನು ಪರಿಷ್ಕೃತವೆಂದು ಮೊದಲೇ ಹೇಳಿಕೊಂಡಿತ್ತು, ಅನುಮಾನ ಬಂದವರಿಗೆ ಮೂಲವೂ ಕೈಗೆಟುಕುತ್ತಿತ್ತು.

ತಿದ್ದಿದುದನ್ನು ಮರೆಮಾಡುವುದರಲ್ಲಿಯೇ ದೋಷವಿರುವುದೆಂದು ಇದರಿಂದ ತಿಳಿಯುವುದು. ಕಡೆಯ ತಟ್ಟೆಯೂ ಒಡೆದ ಮೇಲೆ ಮುಂದಿನವರಿಗೆ ಮರುಮುದ್ರಿಕೆಯೇ ಮೂಲ. ಆದುದರಿಂದ ಇದ್ದುದನ್ನು ಇದ್ದಂತೆಯೇ ಒಂದು ಪ್ರತಿಯಲ್ಲಿ ಕಾದಿಟ್ಟು, ಯಾವ ವೇಗವನ್ನು ಆರಿಸಿತು, ಏನನ್ನು ತೆಗೆಯಿತು ಎಂಬುದನ್ನು ಪ್ರಕಾಶನ ಸಂಸ್ಥೆಯು ಹೊದಿಕೆಯ ಮೇಲೆ ಬರೆಯತಕ್ಕುದು. ನಾಲ್ಕು ಸಾಲಿಗೆ ಹೆಚ್ಚು ವೆಚ್ಚವಾಗದು. ಬರೆಯದಿದ್ದರೆ, ಹಾಡಿದವರು ಹೀಗೆಯೇ ಹಾಡಿದ್ದರೆಂದು ಮುಂದಿನ ತಲೆಮಾರು ನಂಬುವುದು. ಅಲ್ಲವೆನ್ನಲು ಆಗ ಯಾರೂ ಇರುವುದಿಲ್ಲ.